ಸಿಹಿನೀರಿನ ಮೀನಿಗೆ ತಕ್ಕ ಚಾಕು: ಆಯ್ಕೆ ಮತ್ತು ಬಳಕೆ

(ಪೆಂಡುರ್ತಿಯಲ್ಲಿ ಕನ್ನಡ ಬಾಂಧವರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಮೀನು ಕೊಯ್ಯುವ ಚಾಕುವಿನಂತಹ ಸಣ್ಣ ವಸ್ತುವಿನ ಕುರಿತು ಒಂದು ಭಾಷಣವೇ ಬೇಕೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಪಾತ್ರೆ, ಒಲೆ, ಮಿಕ್ಸರುಗಳನ್ನು ಕೊಳ್ಳುವಾಗ ನಾಲ್ಕು ಅಂಗಡಿ ತಿರುಗಿ ವಿಚಾರಿಸುವ ನಾವು ಚಾಕುವಿನ ವಿಷಯದಲ್ಲಿ ಮಾತ್ರ ಕಣ್ಣಿಗೆ ಮೊದಲು ಕಂಡದ್ದನ್ನು ಎತ್ತಿಕೊಂಡು ಬರುತ್ತೇವೆ. ಆಮೇಲೆ ಅದು ಹರಿತವಾಗಿಲ್ಲವೆಂದು ದೂರುತ್ತೇವೆ. ಮೀನಿನಲ್ಲಿ ಮುಳ್ಳು ಹೆಚ್ಚೆಂದು ದೂರುತ್ತೇವೆ. ಬೆರಳು ಕೊಯ್ದುಕೊಂಡಾಗ ಅದೃಷ್ಟವನ್ನು ದೂರುತ್ತೇವೆ. ಈ ಮೂರು ದೂರುಗಳಿಗೂ ಬಹುಮಟ್ಟಿಗೆ ಕಾರಣ ಒಂದೇ. ಮೀನಿನ ದೇಹರಚನೆಗೆ ಹೊಂದದ ಅಲಗನ್ನು ನಾವು ಆರಿಸಿರುತ್ತೇವೆ. ಚಾಕುವನ್ನು ಅದರ ಹೊಳಪು, ಹೆಸರು, ಬೆಲೆಗಳಿಂದ ಅಳೆಯದೆ, ಮೀನಿನ ಮುಳ್ಳನ್ನೂ ಕೊಯ್ಯುವ ಕೈಯ ಕ್ಷೇಮವನ್ನೂ ಗಮನದಲ್ಲಿರಿಸಿಕೊಂಡು ಆರಿಸಬೇಕೆಂಬುದೇ ಇಂದಿನ ನನ್ನ ಮಾತಿನ ತಿರುಳು.

ನಮ್ಮ ಮಾರುಕಟ್ಟೆಯ ಮೀನು

ಪೆಂಡುರ್ತಿಯು ವಿಶಾಖಪಟ್ಟಣದ ಹೊರವಲಯದಲ್ಲಿ, ಅರಕು ಕಣಿವೆಯತ್ತ ಸಾಗುವ ಹಾದಿಯಲ್ಲಿರುವ ಊರು. ಕಡಲು ಇಲ್ಲಿಂದ ಬಹು ದೂರವೇನಲ್ಲ. ಹಾಗಿದ್ದರೂ ಕೆರೆ ಕೊಳಗಳಲ್ಲಿ ಸಾಕಿದ ಮೀನಿಗೂ ಇಲ್ಲಿ ಗಿರಾಕಿಗಳಿದ್ದಾರೆ. ನಾವು ರೋಹು ಎನ್ನುವ ಮೀನನ್ನು ಇಲ್ಲಿಯವರು ಶೀಲಾವತಿ ಎಂದೂ, ಕಾಟ್ಲಾ ಮೀನನ್ನು ಬೊಚ್ಚೆ ಎಂದೂ, ಕೊರವ ಮೀನನ್ನು ಕೊರ್ರಮೀನು ಎಂದೂ ಕರೆಯುತ್ತಾರೆ. ಕೃಷ್ಣಾ ಗೋದಾವರಿ ನದಿಗಳ ನಡುವಣ ಕೊಲ್ಲೇರು ಸರೋವರದ ಸುತ್ತಮುತ್ತಲಿನ ಕೊಳಗಳಲ್ಲಿ ಬೆಳೆದ ರೋಹು ಮತ್ತು ಕಾಟ್ಲಾ ಮಂಜುಗಡ್ಡೆಯಲ್ಲಿ ಹುದುಗಿ, ಲಾರಿಗಳಲ್ಲಿ ಬಂಗಾಳ ಅಸ್ಸಾಮುಗಳವರೆಗೂ ಹೋಗುತ್ತವೆ. ಒಳನಾಡು ಮೀನು ಉತ್ಪಾದನೆಯಲ್ಲಿ ಆಂಧ್ರಪ್ರದೇಶವು ದೇಶದಲ್ಲಿ ಅಗ್ರಸ್ಥಾನದಲ್ಲಿದೆ.

ಈ ಸಮೃದ್ಧಿಯ ಹಿಂದೆ ನಮ್ಮ ವಿಜ್ಞಾನಿಗಳ ಪರಿಶ್ರಮವಿದೆ. ಗೆಂಡೆ ಜಾತಿಯ ಈ ಮೀನುಗಳು ಹರಿಯುವ ನದಿಯಲ್ಲಲ್ಲದೆ ನಿಂತ ನೀರಿನ ಕೊಳದಲ್ಲಿ ತಾವಾಗಿ ಮೊಟ್ಟೆಯಿಡುವುದಿಲ್ಲ. 1957ರ ಜುಲೈ 10ರಂದು ಡಾ. ಹೀರಾಲಾಲ್ ಚೌಧುರಿ ಮತ್ತು ಡಾ. ಕೆ.ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ, ಒಡಿಶಾದಲ್ಲಿ ಈ ಮೀನುಗಳ ಪ್ರೇರಿತ ಸಂತಾನೋತ್ಪತ್ತಿಯನ್ನು ಸಾಧಿಸಿದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸಲಾಗುತ್ತಿದೆ. ಅದರ ಫಲವಾಗಿಯೇ ಇಂದು ತುಂಗಭದ್ರಾ ಜಲಾಶಯದ ಸುತ್ತಲ ಊರುಗಳಲ್ಲಿಯೂ, ಕಾವೇರಿ ಬಯಲಿನ ಕೆರೆಗಳಲ್ಲಿಯೂ ಇದೇ ಕಾಟ್ಲಾ, ರೋಹು, ಮೃಗಾಲ್ ದೊರೆಯುತ್ತವೆ. ಆದುದರಿಂದ ಪೆಂಡುರ್ತಿಯಲ್ಲಿ ಹೇಳುವ ಈ ಮಾತು ಹೊಸಪೇಟೆಗೂ ಮಂಡ್ಯಕ್ಕೂ ಸಲ್ಲುತ್ತದೆ.

ಮುಳ್ಳಿನ ಸ್ವರೂಪ

ಮೀನಿನ ಎರಡೂ ಪಕ್ಕಗಳಿಂದ, ಬೆನ್ನೆಲುಬಿನ ಉದ್ದಕ್ಕೂ ಅಲಗನ್ನು ಓಡಿಸಿ ಬಿಡಿಸಿದ ಮಾಂಸದ ಹಾಳೆಗೆ ಫಿಲೆಟ್ ಎನ್ನುತ್ತಾರೆ. ಅಂಜಲ್, ಮಾಂಜಿಗಳಂತಹ ಕಡಲ ಮೀನುಗಳಿಗೆ ಒಗ್ಗಿದ ನಮ್ಮ ಕರಾವಳಿಯ ಜನರಿಗೆ ಕೆರೆಯ ಮೀನು ಮೊದಮೊದಲು ಕಷ್ಟವೆನಿಸುವುದುಂಟು. ಇದಕ್ಕೆ ಸ್ಪಷ್ಟವಾದ ಕಾರಣವಿದೆ. ರೋಹು, ಕಾಟ್ಲಾ, ಮೃಗಾಲ್, ಸಾಮಾನ್ಯ ಗೆಂಡೆ ಇವೆಲ್ಲ ಒಂದೇ ಕುಟುಂಬದವು. ಇವುಗಳಲ್ಲಿ ಬೆನ್ನೆಲುಬು ಮತ್ತು ಪಕ್ಕೆಲುಬುಗಳ ಜೊತೆಗೆ, ಯಾವ ಎಲುಬಿಗೂ ಅಂಟಿಕೊಳ್ಳದೆ ಮಾಂಸದ ಪದರಗಳ ನಡುವೆಯೇ ಹುದುಗಿರುವ ಸಣ್ಣ ಮುಳ್ಳುಗಳಿವೆ. ಇವುಗಳಲ್ಲಿ ಹಲವು ಕವೆಗೋಲಿನ ಆಕಾರದವು. ಬೆನ್ನೆಲುಬನ್ನು ಎಷ್ಟು ನಾಜೂಕಾಗಿ ಬಿಡಿಸಿದರೂ ಈ ಕವೆಮುಳ್ಳುಗಳು ಫಿಲೆಟ್ಟಿನೊಳಗೇ ಉಳಿದುಬಿಡುತ್ತವೆ.

ಎಲ್ಲ ಸಿಹಿನೀರಿನ ಮೀನುಗಳೂ ಹೀಗಿಲ್ಲ. ಕೊರವ ಮೀನಿನ ದೇಹ ದುಂಡಗೆ ನೀಳವಾಗಿದ್ದು, ಅದರಲ್ಲಿ ಮುಳ್ಳು ಕಡಿಮೆ. ಬಾಳೆ ಮೀನು, ಪಂಗಾಸಿಯಸ್ ಮೊದಲಾದ ಮೀಸೆ ಮೀನುಗಳಿಗೆ ಹುರುಪೆಯೂ ಇಲ್ಲ, ಕವೆಮುಳ್ಳೂ ಇಲ್ಲ. ಜಿಲೇಬಿ ಮೀನೆಂದು ನಾವು ಕರೆಯುವ ತಿಲಾಪಿಯದಲ್ಲಿಯೂ ಗೆಂಡೆಯ ಕವೆಮುಳ್ಳುಗಳಿಲ್ಲ. ಆದರೆ ಅದರ ದೇಹ ಚಪ್ಪಟೆ, ಬೆನ್ನಿನ ಈಜುರೆಕ್ಕೆಯ ಮುಳ್ಳು ಚೂಪು. ಫಿಲೆಟ್ ಮಾಡಿದರೆ ತಿಲಾಪಿಯದ ತೂಕದಲ್ಲಿ ಸುಮಾರು ಮೂರನೆಯ ಒಂದು ಭಾಗ ಮಾತ್ರ ಕೈಗೆ ದೊರೆಯುತ್ತದೆ. ಅಲಗು ದಪ್ಪವಾಗಿದ್ದರೆ ಎಲುಬಿನ ಮೇಲೆ ಮಾಂಸ ಉಳಿದು, ದೊರೆಯುವುದು ಇನ್ನೂ ಕಡಿಮೆಯಾಗುತ್ತದೆ. ಮನೆಯಲ್ಲಿ ಅದು ಒಂದು ತುತ್ತಿನ ನಷ್ಟ. ದಿನವಿಡೀ ಮೀನು ಕೊಯ್ದು ಮಾರುವವರಿಗೆ ಅದು ಅಂದಿನ ಗಳಿಕೆಯ ನಷ್ಟ.

ಈಳಿಗೆಯ ಗುಣ ಮತ್ತು ಮಿತಿ

ಇಲ್ಲಿಯ ಮಾರುಕಟ್ಟೆಯಲ್ಲಿ ಮೀನು ಕೊಯ್ಯುವ ಹೆಣ್ಣುಮಕ್ಕಳ ಮುಂದೆ ಕತ್ತಿಪೀಟ ಇರುತ್ತದೆ. ಅದು ನಮ್ಮ ಈಳಿಗೆಯೇ. ಬಂಗಾಳದವರು ಅದನ್ನು ಬೊಟಿ ಎನ್ನುತ್ತಾರೆ. ಮಣೆಗೆ ನೆಟ್ಟ ಅಲಗು ಅಲುಗದೆ ನಿಂತಿರುತ್ತದೆ, ಮಣೆಯನ್ನು ಕಾಲಿನಿಂದ ಒತ್ತಿ ಹಿಡಿದಿರುತ್ತಾರೆ, ಎರಡೂ ಕೈಗಳು ಮೀನನ್ನು ಅಲಗಿನತ್ತ ಒಯ್ಯುತ್ತವೆ. ದೊಡ್ಡ ಕಾಟ್ಲಾದ ತಲೆಯನ್ನು ಬೇರ್ಪಡಿಸಲು, ಸಾರಿಗೆ ಬೇಕಾದ ದಪ್ಪ ಹೋಳುಗಳನ್ನು ಮಾಡಲು ಇದಕ್ಕಿಂತ ಉತ್ತಮವಾದ ಸಾಧನ ದೊರೆಯುವುದು ಕಷ್ಟ. ಮೈಯ ಭಾರವೆಲ್ಲ ಕೆಲಸಕ್ಕೆ ಒದಗುವುದರಿಂದ ಮಣಿಕಟ್ಟಿಗೆ ಆಯಾಸ ಕಡಿಮೆ.

ಆದರೆ ಫಿಲೆಟ್ ತೆಗೆಯುವ ಕೆಲಸದ ಸ್ವರೂಪವೇ ಬೇರೆ. ಅಲ್ಲಿ ಮೀನು ಹಲಗೆಯ ಮೇಲೆ ಸ್ಥಿರವಾಗಿರಬೇಕು. ಅಲಗು ಬೆನ್ನೆಲುಬಿನ ಏರಿಳಿತವನ್ನು ಅನುಸರಿಸಿ ಬಾಗುತ್ತಾ ಸಾಗಬೇಕು. ಗಟ್ಟಿಯಾಗಿ ನಿಂತ ಈಳಿಗೆಯ ಅಲಗಿಗೆ ಆ ಬಾಗು ಇಲ್ಲ. ಹಾಗೆಯೇ, ಫಿಲೆಟ್ಟಿಗೆಂದು ರೂಪಿಸಿದ ತೆಳುವಾದ ಚಾಕುವಿನಿಂದ ಕಾಟ್ಲಾದ ತಲೆಯನ್ನು ಕಡಿಯಲು ಹೋದರೆ ಅಲಗಿನ ಅಂಚು ಮುರಿದು ಹಲ್ಲುಹಲ್ಲಾಗುತ್ತದೆ. ಮೀನನ್ನು ಪ್ರಧಾನ ಆಹಾರವಾಗಿಸಿಕೊಂಡ ನಾಡುಗಳು ಈ ಭೇದವನ್ನು ಬಹು ಹಿಂದೆಯೇ ಗುರುತಿಸಿವೆ. ಜಪಾನಿನ ಡೆಬಾ ಎಂಬ ಮೀನುಗತ್ತಿಯ ಬೆನ್ನು ದಪ್ಪ, ತೂಕ ಹೆಚ್ಚು; ತಲೆಯನ್ನು ಬೇರ್ಪಡಿಸಲು ಅದನ್ನು ಬಳಸುತ್ತಾರೆ. ಸರೋವರಗಳ ನಾಡಾದ ಫಿನ್ಲೆಂಡಿನಲ್ಲಿ ಇದಕ್ಕೆ ಪ್ರತಿಯಾಗಿ ತೆಳುವಾದ, ಬಾಗುವ ಅಲಗಿಗೆ ಮರದ ಹಿಡಿ ಕೂಡಿಸಿದ ಫಿಲೆಟ್ ಚಾಕು ಪ್ರಸಿದ್ಧವಾಗಿದೆ. ಅಲ್ಲಿಯ ರೊವಾನಿಯೆಮಿ ಪಟ್ಟಣದಲ್ಲಿ 1928ರಲ್ಲಿ ಸ್ಥಾಪನೆಯಾದ ಮಾರ್ಟಿನಿ ಕಾರ್ಖಾನೆ ಇಂತಹ ಚಾಕುಗಳಿಗೆ ಹೆಸರಾಗಿದೆ.

ಇದರಿಂದ ಆಯ್ಕೆಯ ಮೊದಲ ಸೂತ್ರ ಸಿದ್ಧವಾಗುತ್ತದೆ. ಎಲ್ಲ ಕೆಲಸಕ್ಕೂ ಒಂದೇ ಚಾಕು ಎಂಬ ಆಸೆಯನ್ನು ಬಿಡಬೇಕು. ತಲೆ, ಈಜುರೆಕ್ಕೆ, ಬೆನ್ನೆಲುಬುಗಳಿಗೆ ಮನೆಯಲ್ಲಿರುವ ಈಳಿಗೆ ಅಥವಾ ಭಾರದ ಕತ್ತಿ. ಮಾಂಸವನ್ನು ಬಿಡಿಸಲು ತೆಳುವಾದ ಚಾಕು. ಹೊಸದಾಗಿ ಕೊಳ್ಳಬೇಕಾದುದು ಈ ಎರಡನೆಯದನ್ನು ಮಾತ್ರ.

ಅಲಗಿನ ಉದ್ದ, ದಪ್ಪ ಮತ್ತು ಬಾಗು

ಅಲಗಿನ ಉದ್ದವು ಮೀನಿನ ಮೈಯ ಅಗಲಕ್ಕಿಂತ, ಎಂದರೆ ಬೆನ್ನಿನಿಂದ ಹೊಟ್ಟೆಯವರೆಗಿನ ಅಳತೆಗಿಂತ ಸ್ವಲ್ಪ ಹೆಚ್ಚಿರಬೇಕು. ಹಾಗಿದ್ದಾಗ ಒಂದೇ ಎಳೆತದಲ್ಲಿ ಮಾಂಸ ಬಿಡುತ್ತದೆ. ಗರಗಸದಂತೆ ಹಿಂದೆ ಮುಂದೆ ಆಡಿಸಬೇಕಾಗುವುದಿಲ್ಲ. ಅರ್ಧದಿಂದ ಒಂದು ಕಿಲೋ ತೂಕದ ತಿಲಾಪಿಯ, ಕೊರವ ಮೀನುಗಳಿಗೆ 15 ಸೆಂಟಿಮೀಟರ್ ಉದ್ದದ ಅಲಗು ಸಾಕು. ಒಂದರಿಂದ ಮೂರು ಕಿಲೋ ತೂಕದ ರೋಹುವಿಗೆ 18ರಿಂದ 20 ಸೆಂಟಿಮೀಟರ್ ಅನುಕೂಲ. ಅದಕ್ಕಿಂತ ದೊಡ್ಡ ಕಾಟ್ಲಾಗಳನ್ನು ನಿತ್ಯವೂ ಕೊಯ್ಯುವವರು 22 ಸೆಂಟಿಮೀಟರಿನವರೆಗೆ ಹೋಗಬಹುದು. ಮನೆಬಳಕೆಗೆ ಒಂದನ್ನೇ ಕೊಳ್ಳುವುದಾದರೆ 18 ಸೆಂಟಿಮೀಟರಿನದು ಉಚಿತ.

ಅಲಗಿನ ಬೆನ್ನು ಹಿಡಿಯ ಬಳಿ ಸುಮಾರು 2 ಮಿಲಿಮೀಟರ್ ದಪ್ಪವಿದ್ದು, ತುದಿಯತ್ತ ಹೋದಂತೆ ತೆಳುವಾಗುತ್ತ ಬರಬೇಕು. ಅಂಗಡಿಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಚಾಕುವಿನ ತುದಿಯನ್ನು ಮರದ ಹಲಗೆಯ ಮೇಲೆ ಊರಿ, ಹಿಡಿಯಿಂದ ಮೆಲ್ಲಗೆ ಒತ್ತಬೇಕು. ಅಲಗು ಬಿಲ್ಲಿನಂತೆ ಸ್ವಲ್ಪ ಬಾಗಿ, ಒತ್ತಡ ಬಿಟ್ಟೊಡನೆ ಪೂರ್ಣವಾಗಿ ನೆಟ್ಟಗಾಗಬೇಕು. ಬಾಗದೇ ಇರುವುದು ಫಿಲೆಟ್ ಚಾಕುವಲ್ಲ. ಬಾಗಿದ್ದು ಬಾಗಿದಂತೆಯೇ ಉಳಿದರೆ ಅದರ ಉಕ್ಕಿಗೆ ಸರಿಯಾದ ಹದ ಬಿದ್ದಿಲ್ಲವೆಂದು ತಿಳಿಯಬೇಕು. ಚಪ್ಪಟೆ ಮೈಯ ತಿಲಾಪಿಯಕ್ಕೆ ಹೆಚ್ಚು ಬಾಗುವ ಅಲಗು ಒಳ್ಳೆಯದು. ರೋಹು ಮತ್ತು ಕಾಟ್ಲಾಗಳ ಪಕ್ಕೆಲುಬು ಗಡುಸಾದುದರಿಂದ ಅವುಗಳಿಗೆ ಮಧ್ಯಮ ಬಾಗು ಸಾಕು. ಅತಿಯಾಗಿ ಬಾಗುವ ಅಲಗು ಎಲುಬಿಗೆ ತಾಗಿ ದಾರಿ ತಪ್ಪುತ್ತದೆ.

ಅಂಚಿನ ಕೋನವನ್ನೂ ಗಮನಿಸಬೇಕು. ಪ್ರತಿ ಪಕ್ಕಕ್ಕೂ ಸುಮಾರು 15ರಿಂದ 18 ಡಿಗ್ರಿಯ ಕೋನದಲ್ಲಿ ಮಸೆದ ಅಂಚು ಮೃದುವಾದ ಮಾಂಸಕ್ಕೆ ತಕ್ಕುದು. ಗರಗಸದ ಹಲ್ಲಿನ ಅಂಚುಳ್ಳ ಚಾಕುಗಳು ಬ್ರೆಡ್ಡಿಗೆ ಸರಿ. ಮೀನಿನ ಮಾಂಸವನ್ನು ಅವು ಹರಿದು ಚಿಂದಿ ಮಾಡುತ್ತವೆ.

ಯಾವ ಉಕ್ಕು?

ತುಕ್ಕು ಹಿಡಿಯದ ಉಕ್ಕಿಗೂ ಚಾಕುವಿಗೂ ಹಳೆಯ ನಂಟು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರೇರ್ಲಿ ಎಂಬ ಲೋಹತಜ್ಞನು ಸುಮಾರು 13 ಶೇಕಡಾ ಕ್ರೋಮಿಯಂ ಬೆರೆತ ಉಕ್ಕನ್ನು ತಯಾರಿಸಿದ ಮೇಲೆ, ಅದು ಜನಸಾಮಾನ್ಯರ ಮನೆಗೆ ಬಂದದ್ದು ಊಟದ ಮೇಜಿನ ಚಾಕುವಿನ ರೂಪದಲ್ಲಿ. ಆದರೆ ಸ್ಟೇನ್‌ಲೆಸ್ ಎಂಬ ಒಂದೇ ಹೆಸರಿನಲ್ಲಿ ಅನೇಕ ಬಗೆಗಳಿವೆ. ನಮ್ಮ ಊಟದ ತಟ್ಟೆ ಲೋಟಗಳ ಉಕ್ಕಿನಲ್ಲಿ ಸಾಮಾನ್ಯವಾಗಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತವೆ. ಅದು ಚೆನ್ನಾಗಿ ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ. ಆದರೆ ಕಾಯಿಸಿ ತಣಿಸಿ ಅದನ್ನು ಗಡುಸುಗೊಳಿಸಲು ಸಾಧ್ಯವಿಲ್ಲ. ಅಂತಹ ತಗಡಿನಿಂದ ಕತ್ತರಿಸಿ ಮಾಡಿದ ಅಗ್ಗದ ಚಾಕು ಮೊದಲ ದಿನ ಕೊಯ್ಯುತ್ತದೆ, ವಾರದೊಳಗೆ ಮೊಂಡಾಗುತ್ತದೆ.

ಚಾಕುವಿಗೆ ಬೇಕಾದುದು ಇಂಗಾಲದ ಅಂಶವಿದ್ದು ಹದಗೊಳ್ಳಬಲ್ಲ ಉಕ್ಕು. ಉತ್ತಮ ಅಡುಗೆ ಚಾಕುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವ ಒಂದು ಬಗೆಯಲ್ಲಿ ಇಂಗಾಲ ಸುಮಾರು ಅರ್ಧ ಶೇಕಡಾ, ಕ್ರೋಮಿಯಂ ಸುಮಾರು 15 ಶೇಕಡಾ ಇರುತ್ತವೆ. ಗಡಸುತನವನ್ನು ಅಳೆಯುವ ರಾಕ್‌ವೆಲ್ ಮಾಪನದಲ್ಲಿ ಫಿಲೆಟ್ ಚಾಕುವಿಗೆ 54ರಿಂದ 58ರವರೆಗಿನ ಅಂಕ ಯೋಗ್ಯ. ಅದಕ್ಕಿಂತ ಗಡುಸಾದರೆ ಬಾಗುವಾಗ ಮುರಿಯುವ ಭಯ. ಮೆದುವಾದರೆ ಅಂಚು ನಿಲ್ಲದು. ಒಂದು ಸಣ್ಣ ಅಯಸ್ಕಾಂತವನ್ನು ಅಂಗಡಿಗೆ ಒಯ್ಯಿರಿ. ಅಲಗಿಗೆ ಅದು ಅಂಟದಿದ್ದರೆ ಆ ಚಾಕುವನ್ನು ಬಿಟ್ಟುಬಿಡಬಹುದು. ಅಂಟಿದ ಮಾತ್ರಕ್ಕೆ ಚಾಕು ಒಳ್ಳೆಯದೆಂದು ಹೇಳಲಾಗದು. ಏಕೆಂದರೆ ಅಯಸ್ಕಾಂತಕ್ಕೆ ಅಂಟಿಯೂ ಹದಗೊಳ್ಳದ ಉಕ್ಕುಗಳಿವೆ. ಆಗ ಬಾಗಿನ ಪರೀಕ್ಷೆಯನ್ನೂ ಸೇರಿಸಿ ನಿರ್ಧರಿಸಬೇಕು.

ಊರಿನ ಕಮ್ಮಾರನನ್ನು ಇಲ್ಲಿ ಮರೆಯುವಂತಿಲ್ಲ. ದಕ್ಷಿಣ ಭಾರತವು ಉಕ್ಕಿಗೆ ಹೆಸರಾದ ನಾಡು. 1800ನೆಯ ಇಸವಿಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿಯ ಕುಲುಮೆಗಳಲ್ಲಿ ಉಕ್ಕು ತಯಾರಿಸುತ್ತಿದ್ದ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಇಂದಿಗೂ ನಮ್ಮ ಕಮ್ಮಾರರು ಹಳೆಯ ಲಾರಿಗಳ ಕಮಾನು ಪಟ್ಟಿಯನ್ನು ಕಾಯಿಸಿ ಬಡಿದು ಕತ್ತಿ ಮಾಡಿಕೊಡುತ್ತಾರೆ. ಅದು ಸ್ಪ್ರಿಂಗಿಗೆಂದೇ ತಯಾರಿಸಿದ ಗಟ್ಟಿ ಉಕ್ಕು. ಅದರಿಂದ ಈಳಿಗೆಯಾಗಲಿ ಭಾರದ ಕತ್ತಿಯಾಗಲಿ ಸೊಗಸಾಗಿ ಬರುತ್ತದೆ, ಮಸೆಯುವುದೂ ಸುಲಭ. ಆದರೆ ಒದ್ದೆಯಾಗಿ ಬಿಟ್ಟರೆ ಒಂದು ರಾತ್ರಿಯಲ್ಲಿಯೇ ತುಕ್ಕು ಹಿಡಿಯುತ್ತದೆ. ತೊಳೆದೊಡನೆ ಒರಸಿ, ತೆಳುವಾಗಿ ಎಣ್ಣೆ ಸವರುವ ಅಭ್ಯಾಸವಿರುವವರು ಮಾತ್ರ ಇಂತಹ ಉಕ್ಕನ್ನು ಆರಿಸಬೇಕು. ಕಡಲ ಗಾಳಿಯ ತೇವ ಸದಾ ಇರುವ ಈ ಪ್ರದೇಶದಲ್ಲಿ, ತೆಳುವಾದ ಫಿಲೆಟ್ ಚಾಕುವಿಗೆ ತುಕ್ಕು ಹಿಡಿಯದ ಉಕ್ಕೇ ಸೂಕ್ತ.

ಹಿಡಿಯ ವಿಚಾರ

ಕೊಳ್ಳುವಾಗ ಎಲ್ಲರೂ ಅಲಗನ್ನು ನೋಡುತ್ತಾರೆ. ಹಿಡಿಯನ್ನು ನೋಡುವವರು ಕಡಿಮೆ. ಮೀನಿನ ಲೋಳೆ ಮತ್ತು ನೀರು ತಾಗಿದ ಕೈಯಲ್ಲಿ ನುಣುಪಾದ ಹಿಡಿ ಜಾರುತ್ತದೆ. ಜಾರಿದ ಕೈ ಮುಂದಕ್ಕೆ ಸರಿದು ಅಂಚಿನ ಮೇಲೆಯೇ ಬೀಳುತ್ತದೆ. ಆದುದರಿಂದ ಮೂರು ಅಂಶಗಳನ್ನು ನೋಡಬೇಕು. ಮೊದಲನೆಯದಾಗಿ, ಹಿಡಿಯ ಮೇಲ್ಮೈ ತುಸು ಒರಟಾಗಿರಬೇಕು. ಎರಡನೆಯದಾಗಿ, ಅಲಗು ಆರಂಭವಾಗುವೆಡೆ ಬೆರಳು ಮುಂದೆ ಸರಿಯದಂತೆ ತಡೆಯುವ ಉಬ್ಬು ಇರಬೇಕು. ಮೂರನೆಯದಾಗಿ, ಹಿಡಿ ಮತ್ತು ಅಲಗು ಕೂಡುವಲ್ಲಿ ಸಂದು ಇರಬಾರದು. ಸಂದಿನಲ್ಲಿ ಸೇರಿದ ರಕ್ತ ಮಾಂಸದ ಕಣಗಳು ಕೊಳೆತು ರೋಗಾಣುಗಳಿಗೆ ನೆಲೆಯಾಗುತ್ತವೆ. ಮರದ ಹಿಡಿ ಕೈಗೆ ಹಿತ. ಆದರೆ ಬಿರುಕು ಬಿಟ್ಟೊಡನೆ ಅದನ್ನು ಬದಲಿಸಬೇಕು. ದಿನವಿಡೀ ನೀರಿನಲ್ಲಿ ಕೆಲಸ ಮಾಡುವವರಿಗೆ ಅಲಗಿನ ಸುತ್ತ ಒಂದೇ ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ ಹಿಡಿ ಹೆಚ್ಚು ಶುಚಿ. ಕೈ ಚಿಕ್ಕದಾದವರು ದಪ್ಪ ಹಿಡಿಯನ್ನು ಕೊಳ್ಳಬಾರದು. ಮುಷ್ಟಿ ಕಟ್ಟಿ ಹಿಡಿದು ನೋಡಿ, ಬೆರಳ ತುದಿಗಳು ಅಂಗೈಯನ್ನು ಒತ್ತದೆ ಹಗುರವಾಗಿ ಸಮೀಪಿಸಿದರೆ ಅಳತೆ ಸರಿಯಾಗಿದೆಯೆಂದು ಭಾವಿಸಬಹುದು.

ಕೊಯ್ಯುವ ಕ್ರಮ

ಮೀನು ಸತ್ತ ಕೆಲವು ಗಂಟೆಗಳಲ್ಲಿ ಮೈ ಸೆಟೆದುಕೊಂಡು, ಅನಂತರ ಮತ್ತೆ ಸಡಿಲವಾಗುತ್ತದೆ. ಸೆಟೆದಿರುವಾಗ ಫಿಲೆಟ್ ತೆಗೆದರೆ ಮಾಂಸ ಒಡೆಯುತ್ತದೆ. ಮಂಜುಗಡ್ಡೆಯಲ್ಲಿಟ್ಟು, ಸೆಟೆತ ಕಳೆದ ಮೇಲೆ ಕೊಯ್ಯುವುದು ಲೇಸು. ತಣ್ಣಗಿರುವ ಮಾಂಸ ಗಟ್ಟಿಯಾಗಿರುವುದರಿಂದ ಅಲಗು ಸರಾಗವಾಗಿ ಓಡುತ್ತದೆ.

ಹುರುಪೆಯನ್ನು ಹೆರೆಯಲು ಫಿಲೆಟ್ ಚಾಕುವಿನ ಅಂಚನ್ನು ಎಂದಿಗೂ ಬಳಸಬೇಡಿ. ಚಮಚೆಯ ಅಂಚು ಅಥವಾ ಹಳೆಯ ಚಾಕುವಿನ ಬೆನ್ನು ಆ ಕೆಲಸಕ್ಕೆ ಸಾಕು. ಹೊಟ್ಟೆಯನ್ನು ಸೀಳುವಾಗ ಚಾಕುವಿನ ತುದಿಯನ್ನು ಆಳಕ್ಕೆ ಇಳಿಸಬಾರದು. ಒಳಗಿನ ಪಿತ್ತಕೋಶ ಒಡೆದರೆ ಮಾಂಸವೆಲ್ಲ ಕಹಿಯಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ರೋಹು ಮೊದಲಾದ ಗೆಂಡೆ ಮೀನುಗಳ ಪಿತ್ತಕೋಶವನ್ನು ಔಷಧವೆಂದು ನಂಬಿ ಹಸಿಯಾಗಿ ನುಂಗುವವರಿದ್ದಾರೆ. ಹಾಗೆ ನುಂಗಿದವರ ಮೂತ್ರಪಿಂಡಗಳು ಹಠಾತ್ತನೆ ಕೆಲಸ ನಿಲ್ಲಿಸಿದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಅದರಲ್ಲಿರುವ ವಿಷ ಬೇಯಿಸಿದರೂ ನಾಶವಾಗುವುದಿಲ್ಲ. ಪಿತ್ತಕೋಶವನ್ನು ಒಡೆಯದಂತೆ ತೆಗೆದು ಎಸೆಯಬೇಕು. ಯಾವ ಕಾರಣಕ್ಕೂ ಸೇವಿಸಬಾರದು.

ಶುಚಿ ಮಾಡಿದ ಮೀನನ್ನು ಹಲಗೆಯ ಮೇಲೆ ಪಕ್ಕಕ್ಕೆ ಮಲಗಿಸಿ, ಕಿವಿರಿನ ಹಿಂದೆ ಬೆನ್ನೆಲುಬು ತಾಗುವವರೆಗೆ ಅಡ್ಡವಾಗಿ ಕೊಯ್ಯಬೇಕು. ಅಲ್ಲಿ ಅಲಗನ್ನು ಬಾಲದತ್ತ ತಿರುಗಿಸಿ, ಬೆನ್ನೆಲುಬಿಗೆ ತಾಗಿಸಿಕೊಂಡೇ ನೀಳವಾಗಿ ಎಳೆಯಬೇಕು. ಅಲಗು ಎಲುಬಿಗೆ ತಾಗಿದ ಸಣ್ಣ ಸದ್ದು ಕೇಳುತ್ತಿದ್ದರೆ ದಾರಿ ಸರಿಯಾಗಿದೆ ಎಂದರ್ಥ. ಆನಂತರ ಪಕ್ಕೆಲುಬುಗಳನ್ನು ತೆಳುವಾಗಿ ಸವರಿ ತೆಗೆಯಬೇಕು.

ಇಷ್ಟಾದರೂ ರೋಹುವಿನ ಕವೆಮುಳ್ಳುಗಳು ಉಳಿದಿರುತ್ತವೆ. ಇದಕ್ಕೆ ಸುಲಭವಾದ ಒಂದು ಉಪಾಯವಿದೆ. ಫಿಲೆಟ್ಟನ್ನು ಚರ್ಮ ಕೆಳಗಾಗುವಂತೆ ಇರಿಸಿ, 3ರಿಂದ 4 ಮಿಲಿಮೀಟರಿಗೊಂದರಂತೆ ಅಡ್ಡ ಗೀರುಗಳನ್ನು ಹಾಕುತ್ತ ಹೋಗಬೇಕು. ಪ್ರತಿ ಗೀರೂ ಚರ್ಮದವರೆಗೆ ಇಳಿಯಬೇಕು, ಚರ್ಮವನ್ನು ಕತ್ತರಿಸಬಾರದು. ಮುಳ್ಳುಗಳು ಹೀಗೆ ಚೂರುಚೂರಾಗಿ, ಬಿಸಿ ಎಣ್ಣೆಯಲ್ಲಿ ಕರಿದಾಗ ಗರಿಗರಿಯಾಗಿ ನಾಲಗೆಗೆ ತಿಳಿಯದಂತಾಗುತ್ತವೆ. ಕ್ರಿಸ್ಮಸ್ ಹಬ್ಬದಂದು ಗೆಂಡೆ ಮೀನನ್ನು ಉಣ್ಣುವ ಪೋಲೆಂಡ್, ಚೆಕ್ ನಾಡುಗಳಲ್ಲಿಯೂ ಈ ಉಪಾಯ ಬಳಕೆಯಲ್ಲಿದೆ. ಚಾಕುವಿನ ನಿಜವಾದ ಪರೀಕ್ಷೆ ನಡೆಯುವುದೂ ಇಲ್ಲಿಯೇ. ಅಲಗು ಮೊಂಡಾಗಿದ್ದರೆ ಮುಳ್ಳು ಕತ್ತರಿಸದೆ ಮಾಂಸದೊಳಗೆ ಜರುಗುತ್ತದೆ. ಒತ್ತಿ ಕೊಯ್ದರೆ ಚರ್ಮವೂ ತುಂಡಾಗುತ್ತದೆ. ಹೀಗಿದ್ದರೂ ಪುಟ್ಟ ಮಕ್ಕಳಿಗೆ ಬಡಿಸುವ ಮುನ್ನ ಮುಳ್ಳನ್ನು ಕೈಯಿಂದ ನೋಡಿ ತೆಗೆಯುವುದನ್ನು ಬಿಡಬಾರದು.

ಸಾಣೆ ಮತ್ತು ಶುಚಿತ್ವ

ಹರಿತವಾದ ಚಾಕು ಅಪಾಯಕಾರಿ, ಮೊಂಡು ಚಾಕು ನಿರಪಾಯಕಾರಿ ಎಂಬ ನಂಬಿಕೆ ನಮ್ಮಲ್ಲಿದೆ. ವಾಸ್ತವ ಇದಕ್ಕೆ ವಿರುದ್ಧ. ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದ ಚಾಕು ಜಾರಿದಾಗ ಆಗುವ ಗಾಯ ಆಳವಾದುದು. ಮನೆಯಲ್ಲಿ ಒಂದು ಪಕ್ಕ ಒರಟು, ಇನ್ನೊಂದು ಪಕ್ಕ ನಯವಾಗಿರುವ ಸಾಣೆಕಲ್ಲು ಇರಬೇಕು. ಕಲ್ಲನ್ನು ನೆನೆಸಿ, ಅಲಗಿನ ಕೋನವನ್ನು ಬದಲಿಸದೆ ಎರಡೂ ಪಕ್ಕಗಳನ್ನು ಸಮನಾಗಿ ಮಸೆಯಬೇಕು. ಹಿಡಿದ ಕಾಗದದ ಹಾಳೆಯನ್ನು ಚಾಕು ಹರಿಯದೆ ಕತ್ತರಿಸಿದರೆ ಸಾಣೆ ಸರಿಯಾಗಿದೆ. ಬೀದಿಯಲ್ಲಿ ಬರುವ ಸಾಣೆಯವರಿಂದ ಚಕ್ರದ ಮೇಲೆ ಮಸೆಸುವಾಗ ನಡುನಡುವೆ ನೀರಿನಲ್ಲಿ ಅದ್ದುವಂತೆ ಹೇಳಬೇಕು. ಅಂಚು ಕಾದು ನೀಲಿ ಬಣ್ಣಕ್ಕೆ ತಿರುಗಿತೆಂದರೆ ಅಲ್ಲಿ ಉಕ್ಕಿನ ಹದ ಕೆಟ್ಟಿತೆಂದೇ ಲೆಕ್ಕ.

ಮೀನಿನ ಚಾಕುವನ್ನು ತರಕಾರಿ ಹಣ್ಣುಗಳಿಗೆ ಬಳಸಬಾರದು. ಕೆಲಸ ಮುಗಿದೊಡನೆ ಸಾಬೂನು ಮತ್ತು ಬಿಸಿನೀರಿನಿಂದ ತೊಳೆದು, ಒರಸಿ, ಒರೆಯಲ್ಲಿಯೋ ಮಕ್ಕಳ ಕೈಗೆಟುಕದ ಎತ್ತರದಲ್ಲಿಯೋ ಇರಿಸಬೇಕು. ಉಪ್ಪು ನೀರಿನಲ್ಲಾಗಲಿ ಬ್ಲೀಚಿಂಗ್ ಪುಡಿಯ ನೀರಿನಲ್ಲಾಗಲಿ ಗಂಟೆಗಟ್ಟಲೆ ನೆನೆಹಾಕಿದರೆ ತುಕ್ಕು ಹಿಡಿಯದ ಉಕ್ಕಿನಲ್ಲಿಯೂ ಗುಳಿಗಳು ಬೀಳುತ್ತವೆ.

ಕಾನೂನಿನ ಒಂದು ಅಂಶವೂ ತಿಳಿದಿರಲಿ. ಆಯುಧಗಳ ನಿಯಮಗಳ ಪ್ರಕಾರ 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿನ ಚಾಕುಗಳು ಆಯುಧಗಳ ಪಟ್ಟಿಯಲ್ಲಿ ಸೇರುತ್ತವೆ. ಗೃಹಬಳಕೆ, ಕೃಷಿ, ವಿಜ್ಞಾನ, ಕೈಗಾರಿಕೆಗಳಿಗೆಂದು ರೂಪಿಸಿದವುಗಳಿಗೆ ಮಾತ್ರ ವಿನಾಯಿತಿಯಿದೆ. ಊರಿಗೆ ಒಯ್ಯುವಾಗ ಚಾಕುವನ್ನು ಒರೆಯಲ್ಲಿಟ್ಟು ಸುತ್ತಿ ಪೆಟ್ಟಿಗೆಯೊಳಗೆ ಇರಿಸುವುದು ಉಚಿತ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಅವಕಾಶವಿಲ್ಲ.

ಕೊಯ್ಯುವ ಕೈಯ ರಕ್ಷಣೆ

ಮೀನು ಕೊಯ್ಯುವಾಗ ಆದ ಗಾಯ ತರಕಾರಿ ಹೆಚ್ಚುವಾಗ ಆದ ಗಾಯದಂತಲ್ಲ. ಕೆರೆಯ ನೀರಿನಲ್ಲಿಯೂ ಮೀನಿನ ಲೋಳೆಯಲ್ಲಿಯೂ ಇರುವ ಕೆಲವು ರೋಗಾಣುಗಳು ಸಣ್ಣ ಗೀರಿನಿಂದಲೂ ಒಳಸೇರುತ್ತವೆ. ಕೆನಡಾದ ಟೊರಾಂಟೊ ಪ್ರದೇಶದಲ್ಲಿ 1995 ಮತ್ತು 1996ರಲ್ಲಿ, ಮನೆಯಲ್ಲಿ ಹಸಿ ತಿಲಾಪಿಯವನ್ನು ಶುಚಿ ಮಾಡುವಾಗ ಕೈಗೆ ಗಾಯವಾದ ಹಲವರಿಗೆ ಸ್ಟ್ರೆಪ್ಟೊಕಾಕಸ್ ಇನಿಯೇ ಎಂಬ ರೋಗಾಣುವಿನ ಸೋಂಕು ತಗುಲಿದ್ದು ವೈದ್ಯಕೀಯ ಜಗತ್ತಿನ ಗಮನ ಸೆಳೆಯಿತು. ಆದುದರಿಂದ ಗಾಯವಾದ ತಕ್ಷಣ ಕೆಲಸ ನಿಲ್ಲಿಸಿ, ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹಲವು ನಿಮಿಷ ತೊಳೆಯಬೇಕು. ಶುಚಿಯಾದ ಬಟ್ಟೆಯಿಂದ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು. ಅರಿಸಿನ, ಕಾಫಿಪುಡಿಗಳನ್ನು ತುಂಬಿ ಕಟ್ಟಿ ಸುಮ್ಮನಾಗಬಾರದು. ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ವಿಚಾರಿಸಬೇಕು. ಊತ, ಕೆಂಪು, ಜ್ವರ ಕಾಣಿಸಿದರೆ ವೈದ್ಯರ ಬಳಿಗೆ ಹೋಗಿ, ಗಾಯವಾದದ್ದು ಮೀನಿನಿಂದ ಎಂಬುದನ್ನು ತಪ್ಪದೆ ತಿಳಿಸಬೇಕು. ಆ ಒಂದು ಮಾತು ಸರಿಯಾದ ಔಷಧವನ್ನು ಆರಿಸಲು ಅವರಿಗೆ ನೆರವಾಗುತ್ತದೆ.

ಚೇಳು ಮೀನಿನ ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಅದನ್ನು ಕೊಯ್ಯುವ ಮುನ್ನ ಮುಳ್ಳುಗಳನ್ನು ಮೊದಲು ಕತ್ತರಿಸಿ ತೆಗೆಯಬೇಕು. ಚುಚ್ಚಿದರೆ, ತಾಳಿಕೊಳ್ಳಬಹುದಾದಷ್ಟು ಬಿಸಿಯಾದ, ಸುಡದ ನೀರಿನಲ್ಲಿ ಕೈಯನ್ನು ಅದ್ದಿಡುವುದರಿಂದ ನೋವು ತಗ್ಗುತ್ತದೆ. ಅನಂತರ ವೈದ್ಯರ ಬಳಿಗೆ ಹೋಗಬೇಕು. ನಿತ್ಯವೂ ಕೊಯ್ಯುವವರು ಮೀನನ್ನು ಹಿಡಿಯುವ ಕೈಗೆ ಕೊಯ್ತ ತಡೆಯುವ ಹೆಣಿಗೆಯ ಕೈಗವಸನ್ನು ಧರಿಸುವುದು ಅತ್ಯಂತ ಅಗತ್ಯ.

ಮಹನೀಯರೇ, 1957ರಲ್ಲಿ ಸ್ಥಾಪನೆಯಾದ, ಕೊಚ್ಚಿಯಲ್ಲಿ ಕೇಂದ್ರವುಳ್ಳ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ಸಂಶೋಧನಾ ಕೇಂದ್ರವೊಂದು ವಿಶಾಖಪಟ್ಟಣದಲ್ಲಿಯೇ ಇದೆ. ಮೀನಿನ ಸಂಸ್ಕರಣೆ ಮತ್ತು ಶುಚಿತ್ವಗಳನ್ನು ಕುರಿತ ತಿಳಿವಳಿಕೆಯನ್ನು ಜನರಿಗೆ ತಲುಪಿಸುವುದು ಅದರ ಕಾರ್ಯಗಳಲ್ಲೊಂದು. ಕರ್ನಾಟಕದಲ್ಲಿ 1969ರಲ್ಲಿ ಆರಂಭವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಇದೆ. ಆಸಕ್ತರು, ಅದರಲ್ಲಿಯೂ ಸ್ವಸಹಾಯ ಗುಂಪುಗಳ ಸದಸ್ಯೆಯರು, ಇಂತಹ ಸಂಸ್ಥೆಗಳನ್ನು ಸಂಪರ್ಕಿಸಿ ಪ್ರಯೋಜನ ಪಡೆಯಬೇಕು.

ನಮ್ಮಲ್ಲಿ ಹಲವರು ಮೀನನ್ನು ಮನೆಯಲ್ಲಿ ಕೊಯ್ಯುವುದಿಲ್ಲ. ಮಾರುಕಟ್ಟೆಯಲ್ಲಿ ಕೊಯ್ಯಿಸಿಕೊಂಡು ಬರುತ್ತೇವೆ. ಅಲ್ಲಿ ಕುಳಿತ ಆ ತಾಯಂದಿರ ಕೈಗಳನ್ನು ಒಮ್ಮೆ ಗಮನಿಸಿ. ಬೆರಳುಗಳ ಮೇಲಿನ ಗೀರುಗಳು ಅವರ ದುಡಿಮೆಯ ಗುರುತಾಗಿ ಕಾಣುತ್ತವೆ. ಆದರೆ ಅವುಗಳಲ್ಲಿ ಬಹುಪಾಲು ತಪ್ಪಿಸಬಹುದಾಗಿದ್ದ ಗಾಯಗಳು. ಅವಸರಪಡಿಸದೆ ಕಾಯುವುದು, ಎರಡು ರೂಪಾಯಿಗೆ ಚೌಕಾಸಿ ಮಾಡದಿರುವುದು, ಕೈಗವಸು ಮತ್ತು ಸಾಣೆಯ ಪ್ರಯೋಜನವನ್ನು ಅವರ ಭಾಷೆಯಲ್ಲಿ ತಿಳಿಸಿ ಹೇಳುವುದು ನಮ್ಮಿಂದ ಆಗದ ಕೆಲಸವೇನಲ್ಲ. ಮೀನಿಗೆ ತಕ್ಕ ಅಲಗು, ಕೈಗೆ ತಕ್ಕ ಹಿಡಿ, ತಪ್ಪದ ಸಾಣೆ ಇವು ಮೂರೂ ಕೂಡಿದಾಗ ಮೀನು ವ್ಯರ್ಥವಾಗುವುದಿಲ್ಲ, ಕೈಯೂ ಕ್ಷೇಮವಾಗಿರುತ್ತದೆ.